ಜಂತ್ರಡಿ

ಅಮಾಸೆಯ ಭರತ ಏರುವ ಹೊತ್ತಿಗೆ ಹಲಗೆ ಇಳಿಸಬೇಕು,
ಇಳಿತ ಶುರುವಾದರೆ ಎತ್ತಬೇಕು.
ತೊರ್ಕೆಯ ಗಜನಿಯಲ್ಲಿ ನನ್ನ ಕೆಲಸ ಇಷ್ಟೇ.
ಆಚೆ ಅಘನಾಶಿನಿಯ ಉಪ್ಪು,
ಈಚೆ ಮೊಳಕಾಲುದ್ದ ನೀರಲ್ಲಿ ಕಗ್ಗದ ಪೈರು,
ನಡುವೆ ಎಂಟು ಹಲಗೆಯ ಜಂತ್ರಡಿ, ಒಂದು ಹಗ್ಗ, ನಾನು.

ಮೂರನೇ ಹಲಗೆಗೇ ಏದುಸಿರು ಬಂದ ವರ್ಷ
ನನಗೆ ಮೂವತ್ತಾರು.
ರಾತ್ರಿ ಮಲಗಿದರೆ ಎದೆಯೊಳಗೆ ನೀರು ಏರುತ್ತಿತ್ತು,
ಗೋಡೆಗೆ ಒರಗಿ ಕೂತೇ ಬೆಳಗು ಮಾಡುತ್ತಿದ್ದೆ.
ಕೆಮ್ಮಿದರೆ ಸೆರಗಿನ ತುದಿಯಲ್ಲಿ ಗುಲಾಬಿ ನೊರೆ.
ಎಲೆಯಡಿಕೆ ಜಾಸ್ತಿಯಾಯ್ತು ಎಂದು ಅತ್ತೆ ಬೈದಳು.

ಕುಮಟೆಯ ಡಾಕ್ಟರು ಎಡ ಮಗ್ಗುಲಿಗೆ ಮಲಗಿಸಿ
ಬಹಳ ಹೊತ್ತು ಕೇಳಿಸಿಕೊಂಡರು.
ಸಣ್ಣವಳಿದ್ದಾಗ ಗಂಟಲು ನೋವು, ಜ್ವರ, ಕೀಲು ಬಾವು?
ಬಂದಿತ್ತು. ಎಂಟನೇ ವಯಸ್ಸಿಗೆ.
ಮೊಣಕಾಲು ಎಳೆ ಬೊಂಡದಷ್ಟು ಊದಿ
ಶಾಲೆಯ ಒಂದು ಮಳೆಗಾಲ ಪೂರ್ತಿ ತಪ್ಪಿತ್ತು.
ಅಜ್ಜಿ ಬಿಸಿ ಉಪ್ಪಿನ ಗಂಟು ಒತ್ತಿದಳು, ಬಾವು ಇಳಿಯಿತು.
ಜ್ವರ ಮಾತ್ರ ಹೋಗುವಾಗ
ಒಳಗಿನ ಒಂದು ಬಾಗಿಲ ಸಂದಿಗೆ ಅಂಟು ಬಳಿದು ಹೋಗಿತ್ತು.
ಇಪ್ಪತ್ತೆಂಟು ವರ್ಷ ಅದು ಒಣಗುತ್ತಿತ್ತು,
ನಾನು ಹಲಗೆ ಎತ್ತುತ್ತಿದ್ದೆ.

ಕಾರವಾರಕ್ಕೆ ಹೋದರೆ ಮಣಿಪಾಲಕ್ಕೆ ಬರೆದುಕೊಟ್ಟರು.
ಅಲ್ಲಿ ಒಬ್ಬಳು ಕಿರಿಯ ಡಾಕ್ಟರು
ರಸೀದಿಯ ಬೆನ್ನಿಗೆ ಚಿತ್ರ ಬರೆದಳು:
ಮೇಲೊಂದು ಕೋಣೆ, ಕೆಳಗೊಂದು ಕೋಣೆ,
ನಡುವಿನ ಬಾಗಿಲು ಒಂದು ಬೆರಳೂ ತೆರೆಯುತ್ತಿಲ್ಲ.
ಜಂತ್ರಡಿ, ಎಂದೆ.
ಎಂತದದು? ಎಂದಳು.
ಹೇಳಿಕೊಟ್ಟೆ. ಹೂಳು ಕಚ್ಚಿದ ಬಾಗಿಲಿಗೆ
ಕೊಡಲಿ ಹಾಕಬಾರದು, ಬೆಣೆ ಕೊಟ್ಟು ಸರಿಸಬೇಕು;
ಸೀಳಿದರೆ ಉಪ್ಪು ನುಗ್ಗಿ ಪೈರು ಸುಟ್ಟೀತು.
ಅವಳು ಪೆನ್ನು ಕೆಳಗಿಟ್ಟಳು.
ನಾವು ಬಲೂನು ಕೊಟ್ಟು ಸರಿಸುತ್ತೇವೆ, ಎಂದಳು,
ಸೀಳಿದರೆ ಎದೆ ಬಿಚ್ಚಬೇಕಾಗುತ್ತದೆ.
ಸುಳ್ಳು ಹೇಳಲಿಲ್ಲವಲ್ಲ,
ನಾನು ಹೆಬ್ಬೆಟ್ಟು ಒತ್ತದೆ ಸಹಿಯನ್ನೇ ಹಾಕಿದೆ: ತುಳಸು ಜಟ್ಟಪ್ಪ ಅಂಬಿಗ.

ಆ ಕೋಣೆ ತದಡಿಯ ಐಸ್ ಫ್ಯಾಕ್ಟರಿಯಷ್ಟು ಥಂಡಿ.
ನನಗೆ ಎಚ್ಚರವಿತ್ತು.
ತೊಡೆಸಂದಿಯಲ್ಲಿ ಒಂದು ಚುಚ್ಚು, ಆಮೇಲೆ ಮರಗಟ್ಟಿತು.
ತಂತಿ ಒಳಗೆ ನಡೆದದ್ದು ಗೊತ್ತಾಗಲಿಲ್ಲ;
ಎದೆ ಮುಟ್ಟಿದಾಗ ಮಾತ್ರ, ಬಲೆಗೆ ಬಿದ್ದ ಏಡಿಯ ಹಾಗೆ,
ಎರಡು ಸಲ ತಪ್ಪಿ ಬಡಿಯಿತು.
ಗೋಡೆ ದಾಟಿದೆವು, ಎಂದರು ಯಾರೋ.
ಪರದೆಯ ಬೂದಿ ನೆರಳಲ್ಲಿ ಬಲೂನು ಉಬ್ಬಿ
ನಡು ಬಿಗಿದುಕೊಂಡು ನಿಂತಿತು,
ಥೇಟು ಬುಡುಬುಡಿಕೆ.
ಆ ನಾಲ್ಕು ಕ್ಷಣ ನನ್ನೊಳಗಿನ ನದಿ ನಿಂತಿತ್ತು.
ಲೈಟಿನ ಸುತ್ತ ಕಪ್ಪು ಕೂಡಿಕೊಂಡು ಬಂತು,
ಜಟ್ಟಪ್ಪನಿಗೆ ದೋಣಿಯ ಸಾಲದ ಚೀಟಿ ಎಲ್ಲಿದೆಯೆಂದು
ಹೇಳದೆ ಬಂದೆನಲ್ಲ ಅನ್ನಿಸಿತು, ಅಷ್ಟೇ.
ಬುಡುಬುಡಿಕೆಯ ಸೊಂಟ ಪಟ್ಟನೆ ಬಿಚ್ಚಿತು.
ಹದಿನೆಂಟಿದ್ದ ಒತ್ತಡ ಐದು, ಎಂದರು.
ಉಸಿರು ತೆಗೆದೆ.
ಸ್ಪಿರಿಟ್ಟಿನ ವಾಸನೆ ಎದೆಯ ತಳದವರೆಗೂ ಹೋಯಿತು.

ವಾರ್ಡಿನ ಆಚೆ ಕೊಠಡಿಯಲ್ಲಿ ಬೈತಖೋಲದ ಉಮಾಕಾಂತ ತಾಂಡೇಲ,
ಮಣಿಕಟ್ಟಿನಿಂದ ತೂರಿಸಿ ಎರಡು ಸ್ಟೆಂಟು ಹಾಕಿದ್ದರು.
ಸಂಜೆಗೇ ಎದ್ದು ಕೂತು, ಬಾಂಗಡೆ ಸಾರು ಕೊಡದಿದ್ದರೆ
ಎರಡನ್ನೂ ವಾಪಸು ತೆಗೆಸುತ್ತೇನೆ ಎಂದು ಗಲಾಟೆ.

ನನ್ನ ಪಕ್ಕದ ಹಾಸಿಗೆ ಅಂಕೋಲೆಯ ಹುಡುಗಿಯದು.
ಹತ್ತೊಂಬತ್ತು. ನನ್ನದೇ ಬಾಗಿಲು, ಅದೇ ಬಲೂನು.
ಅವಳದು ಸೀಳಿತು.
ರಾತ್ರಿ ಲಿಫ್ಟಿನಲ್ಲಿ ಮೇಲಕ್ಕೆ ಒಯ್ದರು, ಅವ್ವ ಹಿಂದೆ ಓಡಿದಳು.
ಹಳದಿ ಮುಚ್ಚಳದ ತಿಂಡಿ ಡಬ್ಬಿ ಮಂಚದ ಕೆಳಗೇ ಉಳಿಯಿತು.
ನಾನು ಮನೆಗೆ ಹೊರಡುವವರೆಗೂ ಯಾರೂ ಒಯ್ಯಲು ಬರಲಿಲ್ಲ.
ನಾನೂ ನರ್ಸನ್ನು ಕೇಳಲಿಲ್ಲ.

ಸ್ವಲ್ಪ ಸೋರುತ್ತದೆ, ಎಂದು ಬರೆದುಕೊಟ್ಟಿದ್ದಾರೆ.
ಹತ್ತು ವರ್ಷವೋ ಹದಿನೈದೋ, ಮತ್ತೆ ಬಿಗಿಯಬಹುದು.
ಇಪ್ಪತ್ತೊಂದು ದಿನಕ್ಕೊಮ್ಮೆ ಪೆನ್ಸಿಲಿನ್ ಸೂಜಿ,
ಚುಚ್ಚಿದ ದಿನ ಪೂರ್ತಿ ಕುಂಡೆ ಕಡಿಯುತ್ತದೆ.
ಇಪ್ಪತ್ತೊಂದು ಅಮಾಸೆಗೂ ಹೊಂದುವುದಿಲ್ಲ, ಹುಣ್ಣಿಮೆಗೂ ಇಲ್ಲ;
ಬಾಗಿಲ ಹಿಂದೆ ಇದ್ದಿಲಲ್ಲಿ ಬೇರೆಯೇ ಗೆರೆ ಎಳೆಯುತ್ತೇನೆ.

ಎಂಟೂ ಹಲಗೆ ಎತ್ತುತ್ತೇನೆ ಈಗ, ಐದರ ನಂತರ ನಿಂತು.

ಮೂರು ತಿಂಗಳಿಗೆ ತೋರಿಸಲು ಮಣಿಪಾಲಕ್ಕೆ ಹೋದಾಗ
ಎಕೋದ ಸಾಲು ಮೆಟ್ಟಿಲವರೆಗೂ ಇತ್ತು.
ನನ್ನ ನಂಬರು ಕೂಗಿದ್ದು ಕೇಳಲಿಲ್ಲ.
ಪ್ರತಿಯೊಬ್ಬರ ಮಡಿಲಿನ ಚೀಲದಲ್ಲೂ
ಹಳದಿ ಮುಚ್ಚಳ ಹುಡುಕುತ್ತಿದ್ದೆ.